ತೊಗಲಿನ ಕೋಟಿನ ಗೀರು

ನಮ್ಮ ಹಾಸನದ ಕಡೆ ಜಾಕೀಟು ಎಂದರೆ ಹೆಂಗಸರ ರವಿಕೆ. ೧೯೯೪ರ ಚಳಿಗಾಲದಲ್ಲಿ, ನಾವು ದೆಹಲಿಗೆ ಬಂದ ಹೊಸದರಲ್ಲಿ, ನಮ್ಮವರು ಊರಿಗೆ ಕಾಗದ ಬರೆಯುತ್ತ “ಒಂದು ಚರ್ಮದ ಜಾಕೀಟು ಕೊಂಡಿದ್ದೇನೆ” ಎಂದು ಒಂದು ಸಾಲು ಸೇರಿಸಿದ್ದರು. ಅದನ್ನು ಓದಿಸಿ ಕೇಳಿದ ನಮ್ಮ ಅತ್ತೆಯವರು ಗಾಬರಿಯಾಗಿ, “ಆ ಹುಡುಗಿ ಚರ್ಮದ ರವಿಕೆ ತೊಟ್ಟು ತಿರುಗುತ್ತಾಳೇನಪ್ಪ?” ಎಂದು ಮಾರುತ್ತರ ಬರೆಸಿದರು. ಅಂದಿನಿಂದ ನಮ್ಮ ಮನೆಯಲ್ಲಿ ಅದು ಜಾಕೀಟಾಗಿ ಉಳಿಯಲಿಲ್ಲ. ‘ತೊಗಲಿನ ಕೋಟು’ ಆಯಿತು.

ಕುರಿಯ ಚರ್ಮದ, ಗಾಢ ಕಂದು ಬಣ್ಣದ ಕೋಟು. ಅದು ಬರುವ ಮೊದಲು ನಮ್ಮವರು ಸ್ವೆಟರಿನ ಒಳಗೆ ಹಳೆಯ ವೃತ್ತಪತ್ರಿಕೆಯ ಹಾಳೆ ಮಡಿಸಿಟ್ಟುಕೊಂಡು ಸ್ಕೂಟರಿನಲ್ಲಿ ಕಚೇರಿಗೆ ಹೋಗುತ್ತಿದ್ದರು. ಜನವರಿಯ ಮಂಜಿನಲ್ಲಿ ಎದೆಗೆ ಗಾಳಿ ಬಡಿಯದಂತೆ ದೆಹಲಿಯ ಅನೇಕರು ಮಾಡುತ್ತಿದ್ದ ಉಪಾಯ ಅದು. ಕೋಟು ಬಂದ ಮೇಲೆ ಪತ್ರಿಕೆ ಓದುವುದಕ್ಕೆ ಮಾತ್ರವಾಯಿತು. ೨೦೨೧ರಲ್ಲಿ ನಮ್ಮವರು ತೀರಿಕೊಂಡರು. ಕೋಟನ್ನು ಮಡಿಸಿ ಕಬ್ಬಿಣದ ಟ್ರಂಕಿನಲ್ಲಿಟ್ಟೆ. ತೆಗೆದು ನೋಡುವ ಧೈರ್ಯ ಬರಲಿಲ್ಲ.

ಹೋದ ಚಳಿಗಾಲದಲ್ಲಿ ಮಗಳು, “ಅಮ್ಮ, ಅಪ್ಪನ ಕೋಟು ನಾನು ಹಾಕಿಕೊಳ್ಳುತ್ತೇನೆ” ಎಂದಳು. ಅವಳೂ ಈಗ ದ್ವಿಚಕ್ರದಲ್ಲಿ ಕೆಲಸಕ್ಕೆ ಹೋಗುವವಳು. ಸಂತೋಷದಿಂದಲೇ ಟ್ರಂಕು ತೆರೆದೆ. ಆದರೆ ಎಳೆಯುವ ಅವಸರದಲ್ಲಿ ಅದರ ಕೊಂಡಿ ಬಲಗೈ ತೋಳಿಗೆ ಸಿಕ್ಕಿ, ಮೊಳಕೈಯಿಂದ ಮಣಿಕಟ್ಟಿನವರೆಗೆ ಒಂದು ಬಿಳಿಯ ಗೀರು ಎದ್ದಿತು. ಮೊಳಕೈಯಲ್ಲಿ ಮೊದಲೇ ಅಂಗೈ ಅಗಲದ ತರಚು ಇತ್ತು. ಕಾಲರಿನ ಬಣ್ಣ ಹೋಗಿತ್ತು. ಹೊಸ ಗೀರು ಮಾತ್ರ ನನ್ನ ಕೈಯಿಂದಲೇ ಆದದ್ದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೆಳಗಾಗುವುದರೊಳಗೆ ಸರಿಪಡಿಸಿಬಿಡಬೇಕೆಂಬ ಹಟದಿಂದ ನಾನು ಮಾಡಿದ ಮೊದಲ ಕೆಲಸ, ನಮ್ಮಲ್ಲಿ ಎಲ್ಲರೂ ಮಾಡುವಂಥದೇ: ಕೊಬ್ಬರಿ ಎಣ್ಣೆ ಹಚ್ಚಿದ್ದು. ತಲೆಗೆ, ಒಡೆದ ಹಿಮ್ಮಡಿಗೆ, ಮಗುವಿನ ಮೈಗೆ ಆಗುವ ಎಣ್ಣೆ ತೊಗಲಿಗೇಕಾಗದು? ಬಿಸಿ ಮಾಡಿ ಹಚ್ಚಿದೆ. ಗೀರು ಮಾಯವಾಯಿತು. ನನ್ನ ಜಾಣತನಕ್ಕೆ ನಾನೇ ಹಿಗ್ಗಿ ಮಲಗಿದೆ. ಬೆಳಿಗ್ಗೆ ನೋಡಿದರೆ ತೋಳಿಡೀ ವಿಭೂತಿ ಬಳಿದಂತೆ ಬೆಳ್ಳಗಾಗಿತ್ತು!

ಕಾರಣ ಸರಳ. ಕೊಬ್ಬರಿ ಎಣ್ಣೆ ಸುಮಾರು ೨೪ ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ದೆಹಲಿಯ ಚಳಿಗಾಲದಲ್ಲಿ ಸೀಸೆಯೊಳಗೆ ಅದು ಮೇಣದಂತೆ ಕೂರುವುದನ್ನು ವರ್ಷವರ್ಷವೂ ನೋಡುತ್ತೇವೆ; ಚರ್ಮದ ರಂಧ್ರಗಳಲ್ಲಿಯೂ ಆಗುವುದು ಅದೇ. ಒರೆಸಿದರೆ ಹೋಗುತ್ತದೆ, ಚಳಿ ಬಿದ್ದೊಡನೆ ಮತ್ತೆ ಬರುತ್ತದೆ. ಮುಂಬಯಿ, ಚೆನ್ನೈಗಳ ಸೆಕೆಯಲ್ಲಿ ಹೀಗೆ ಬೆಳ್ಳಗಾಗಲಿಕ್ಕಿಲ್ಲ. ಆದರೆ ಅಲ್ಲಿಯೂ ಎಣ್ಣೆ ಚರ್ಮವನ್ನು ಕಪ್ಪಾಗಿಸುತ್ತದೆ, ದಿನ ಕಳೆದಂತೆ ಕಮಟು ವಾಸನೆ ಹಿಡಿಯುತ್ತದೆ. ಒಳಗೆ ಇಳಿದದ್ದನ್ನು ಪೂರ್ತಿ ಹೊರಗೆ ತೆಗೆಯುವ ವಿದ್ಯೆ ಮನೆಯಲ್ಲಿ ಇಲ್ಲ.

ಎರಡನೆಯ ತಪ್ಪು ಬೂಟಿನ ಪಾಲಿಷ್. ಬೀದಿಯ ತಿರುವಿನಲ್ಲಿ ಕೂರುವ ಮೋಚಿಯ ಕೈಗೆ ಕೊಟ್ಟೆ. ಅವನು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿದ. ಕೋಟು ಕನ್ನಡಿಯಂತೆ ಹೊಳೆಯಿತು. ಸಂಜೆ ಮಗಳ ಬಿಳಿ ದುಪಟ್ಟದ ಮೇಲೆಲ್ಲ ಕಂದು ಕಲೆ. ಬೂಟು ಬಟ್ಟೆಗೆ ತಾಗುವುದಿಲ್ಲ, ಕೋಟು ತಾಗುತ್ತದೆ. ಮೇಲೆ ಕೂತ ಮೇಣಕ್ಕೆ ಈ ವ್ಯತ್ಯಾಸ ತಿಳಿಯದು. ಮೋಚಿಯ ದೋಷವಿಲ್ಲ, ಕೊಟ್ಟವಳ ದೋಷ.

ಕೊನೆಗೆ ನನಗೆ ದಾರಿ ತೋರಿದವರು ಚರ್ಮದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಬಣ್ಣದ ಕೆಲಸ ಮಾಡುವ ಒಬ್ಬ ವೃದ್ಧರು. ಅವರು ಗೀರನ್ನು ನೋಡಲೇ ಇಲ್ಲ. ಮೊದಲು ಕಾಲರಿನ ಹಿಂಭಾಗವನ್ನು ಮಡಿಸಿ, ಬೆರಳ ತುದಿಯಿಂದ ಒಂದು ಹನಿ ನೀರಿಟ್ಟು ಸುಮ್ಮನೆ ಕುಳಿತರು. ಹನಿ ಮುತ್ತಿನಂತೆ ನಿಂತಿತು. “ಇದಕ್ಕೆ ಮೇಲೊಂದು ಬಣ್ಣದ ಲೇಪವಿದೆ. ಮನೆಯಲ್ಲೇ ಮಾಡಿಕೊಳ್ಳಬಹುದು” ಎಂದರು. ಹನಿ ಒಳಗೆ ಇಂಗಿ ಕಪ್ಪು ಚುಕ್ಕೆ ಬಿದ್ದಿದ್ದರೆ ಅದು ಲೇಪವಿಲ್ಲದ, ಬರಿಯ ಬಣ್ಣ ಕುಡಿದ ಚರ್ಮ. ಅದಕ್ಕೆ ನಾವು ಕೈಹಚ್ಚತಕ್ಕದ್ದಲ್ಲ, ಏಕೆಂದರೆ ಹಚ್ಚಿದ್ದೆಲ್ಲ ಕಲೆಯಾಗಿ ನಿಲ್ಲುತ್ತದೆ. ಎಣ್ಣೆ ಮೇಣ ಊಡಿಸಿದ ಇನ್ನೊಂದು ಜಾತಿಯ ಚರ್ಮವುಂಟು. ಮಡಿಸಿದ ಕಡೆ ಬಣ್ಣ ತಿಳಿಯಾಗುತ್ತದೆ. ಅದರ ಗೀರಿಗೆ ಹೆಬ್ಬೆರಳ ಕಾವೇ ಔಷಧ: ಎರಡು ನಿಮಿಷ ತಿಕ್ಕಿದರೆ ಒಳಗಿನ ಮೇಣ ಸರಿದು ಗೀರು ಮುಚ್ಚಿಕೊಳ್ಳುತ್ತದೆ. ಮಖಮಲಿನಂಥ ಸ್ವೇಡ್ ಆದರೆ ಒಣ ಬ್ರಷ್ಷು ಮತ್ತು ಮಕ್ಕಳ ರಬ್ಬರು ಸಾಕು. ಇನ್ನು, ಬಿರಿದ ಕಡೆ ಒಳಗೆ ನೇಯ್ದ ಬಟ್ಟೆ ಕಂಡರೆ ಅದು ತೊಗಲೇ ಅಲ್ಲ, ರೆಕ್ಸಿನ್ ಜಾತಿ. ಅದು ಸಿಪ್ಪೆಯೇಳಲು ಆರಂಭಿಸಿದ ಮೇಲೆ ಹಣ ಹಾಕುವುದು ದಂಡ.

ಇಷ್ಟು ತಿಳಿಯದೆಯೇ ನಾನು ಎಣ್ಣೆ ಸೀಸೆಗೆ ಕೈಹಾಕಿದ್ದೆ. ನಮ್ಮ ನಾಡಿನವರಿಗೆ ಚರ್ಮದ ಹದ ಹೊಸದೇನೂ ಅಲ್ಲ. ಬಯಲುಸೀಮೆಯಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡದ ತೊಗಟೆ, ಅಳಲೆಕಾಯಿ ಇವುಗಳಿಂದಲೇ ದಕ್ಷಿಣದಲ್ಲಿ ತಲೆತಲಾಂತರ ಚರ್ಮ ಹದ ಮಾಡಿದ್ದಾರೆ. ಚೆನ್ನೈನ ಅಡ್ಯಾರಿನಲ್ಲಿ ೧೯೪೮ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇರುವುದೂ ಈ ವಿದ್ಯೆಗಾಗಿಯೇ. ಇಂದಿನ ಕೋಟುಗಳ ಚರ್ಮ ಬಹುಮಟ್ಟಿಗೆ ಕ್ರೋಮಿಯಂ ಲವಣದಿಂದ ಹದವಾದದ್ದು. ಒದ್ದೆ ಚರ್ಮವನ್ನು ಕಾಯಿಸುತ್ತ ಹೋದರೆ ಒಂದು ಹಂತದಲ್ಲಿ ಅದರ ನಾರುಗಳು ಥಟ್ಟನೆ ಮುದುಡಿಬಿಡುತ್ತವೆ. ತೊಗಟೆಯ ಹದಕ್ಕೆ ಈ ಹಂತ ೭೫–೮೫ ಡಿಗ್ರಿಯ ಸುಮಾರು, ಕ್ರೋಮಿನ ಹದಕ್ಕೆ ೧೦೦ರ ಸುಮಾರು. ಒಮ್ಮೆ ಮುದುಡಿದ್ದು ಮತ್ತೆ ಹಿಗ್ಗದು. ಆದ್ದರಿಂದ ನೆನೆದ ಕೋಟನ್ನು ಹೀಟರಿನ ಮುಂದೆ ಹರಡುವವರನ್ನು ಕಂಡರೆ ದಯವಿಟ್ಟು ತಡೆಯಿರಿ.

ಇನ್ನು ಗೀರಿನ ಆಳ. ಉಗುರನ್ನು ಅಡ್ಡಲಾಗಿ ಎಳೆದು ನೋಡಬೇಕು. ಉಗುರು ತಡೆಯದಿದ್ದರೆ ಗಾಯ ಲೇಪಕ್ಕೆ ಮಾತ್ರ. ತಡೆದರೆ ಚರ್ಮಕ್ಕೇ ಆಗಿದೆ. ನನ್ನ ಉದ್ದ ಗೀರು ಮೊದಲನೆಯದು, ಮೊಳಕೈಯ ತರಚು ಎರಡನೆಯದು.

ಮೊದಲ ವಾರವೆಲ್ಲ ನಾನು ಮಾಡಿಟ್ಟ ಅವಾಂತರವನ್ನು ತೆಗೆಯುವುದರಲ್ಲೇ ಹೋಯಿತು. ಎಣ್ಣೆ, ಮೇಣಗಳ ಮೇಲೆ ಬಣ್ಣ ಹಿಡಿಯದು. ಜೀನು ಸಾಬೂನಿನ ನೊರೆಯನ್ನು ಮಾತ್ರ ಹಿಂಡಿದ ಬಟ್ಟೆಗೆ ಹಚ್ಚಿ ಒರೆಸಿ, ನೆರಳಲ್ಲಿ ಒಣಗಿಸಿದೆ. ಹೀಗೆ ಮೂರು ಸಲ. ಆಮೇಲೆ ಔಷಧದ ಅಂಗಡಿಯಲ್ಲಿ ಸಿಗುವ ಐಸೊಪ್ರೊಪಿಲ್ ಆಲ್ಕೊಹಾಲನ್ನು ಹತ್ತಿಗೆ ಹಚ್ಚಿ, ಗಾಯದ ಜಾಗದಲ್ಲಷ್ಟೇ ಹಗುರವಾಗಿ ಒಂದು ಸಲ ಆಡಿಸಿದೆ. ಹೆಚ್ಚು ತಿಕ್ಕಿದರೆ ಇರುವ ಬಣ್ಣವೂ ಏಳುತ್ತದೆ. ಉಗುರಿನ ಬಣ್ಣ ತೆಗೆಯುವ ದ್ರವವನ್ನಂತೂ ಹತ್ತಿರ ತರಕೂಡದು. ಲೇಪವನ್ನು ಅದು ಕರಗಿಸಿಬಿಡುತ್ತದೆ.

ಮೊಳಕೈಯ ತರಚಿನಲ್ಲಿ ನವಿರು ನಾರುಗಳು ಎದ್ದಿದ್ದವು. ಕಿತ್ತರೆ ಇನ್ನಷ್ಟು ಬಿಚ್ಚಿಕೊಳ್ಳುತ್ತವೆಂದು ಚಿಕ್ಕ ಕತ್ತರಿಯಿಂದ ಬುಡಕ್ಕೆ ಕತ್ತರಿಸಿ, ೬೦೦ನೆಯ ನಂಬರಿನ ಉಪ್ಪು ಕಾಗದದಿಂದ ಮಗುವಿನ ಕೆನ್ನೆ ಸವರುವಷ್ಟು ಮೆಲ್ಲಗೆ ಉಜ್ಜಿದೆ. ಒಂದೆಡೆ ಸಣ್ಣ ಗುಳಿಯಿತ್ತು. ಅದಕ್ಕೆ ಚರ್ಮದ ಪೂರಣವೆಂದು ಲಪ್ಪದಂಥ ಒಂದು ವಸ್ತು ಸಿಗುತ್ತದೆ. ಒಮ್ಮೆಗೇ ತುಂಬದೆ, ತೆಳುವಾಗಿ ಸವರಿ, ಒಣಗಿದ ಮೇಲೆ ಮತ್ತೊಂದು ಪದರ. ಥಟ್ಟನೆ ಅಂಟುವ ಗೋಂದು ಇಲ್ಲಿ ಬೇಡವೇ ಬೇಡ. ಅದು ಕಲ್ಲಾಗುತ್ತದೆ, ತೋಳು ಮಡಿಸಿದಾಗ ಅದರ ಅಂಚಿನಲ್ಲೇ ಚರ್ಮ ಬಿರಿಯುತ್ತದೆ. ಪೂರ್ತಿ ಹರಿದಿದ್ದರೆ ಒಳಗಿನ ಅಸ್ತರು ಬಿಚ್ಚಿ ಹಿಂದಿನಿಂದ ಬಟ್ಟೆಯ ತೇಪೆ ಕೊಡಬೇಕು. ಅದು ದರ್ಜಿಯ ಕೆಲಸ.

ನಿಜವಾದ ಪರೀಕ್ಷೆ ಬಣ್ಣದ್ದು. ನೀರಿನಲ್ಲಿ ಕದಡಿದ ಚರ್ಮದ ಬಣ್ಣ ಹಸಿಯಿದ್ದಾಗ ಒಂದು, ಒಣಗಿದಾಗ ಮತ್ತೊಂದು. ಟ್ಯೂಬ್‌ಲೈಟಿನ ಕೆಳಗೆ ಸರಿಹೊಂದಿದ್ದು ಬೆಳಿಗ್ಗೆ ಕಿಟಕಿಯ ಬಳಿ ಹೊಂದದು. ಒಳಮಡಿಕೆಯಲ್ಲಿ ಚುಕ್ಕೆಯಿಟ್ಟು, ಒಣಗಿಸಿ, ಹಗಲು ಬೆಳಕಿನಲ್ಲಿ ನೋಡಿ, ಕಂದಿಗೆ ಕಡ್ಡಿಯ ತುದಿಯಷ್ಟು ಕಪ್ಪು ಬೆರೆಸಿ, ಮತ್ತೆ ಚುಕ್ಕೆಯಿಟ್ಟು, ಹೀಗೆ ಎರಡು ದಿನ ಕಳೆದೆ. ಸಾರಿಗೆ ಉಪ್ಪು ಹುಳಿ ನೋಡುವ ಕೈಗೆ ಇದು ಅಂಥ ಕಷ್ಟವಲ್ಲ. ಹೆಚ್ಚಾದ ಕಪ್ಪನ್ನು ಹೆಚ್ಚಾದ ಉಪ್ಪಿನಂತೆ ಹಿಂದೆ ತೆಗೆಯಲಾಗದು, ಅಷ್ಟೆ. ಬಣ್ಣ ಒಪ್ಪಿದ ಮೇಲೆ ಸ್ಪಂಜಿನ ಚೂರಿನಿಂದ ಒತ್ತಿ ಒತ್ತಿ ಹಚ್ಚಬೇಕು, ಬಳಿಯಬಾರದು. ಒಂದು ದಪ್ಪ ಲೇಪಕ್ಕಿಂತ ನಾಲ್ಕು ತೆಳು ಲೇಪ ಲೇಸು. ನಡುವೆ ಕೂದಲು ಒಣಗಿಸುವ ಯಂತ್ರವನ್ನು ಮಂದ ಬಿಸಿಯಲ್ಲಿ, ಗೇಣು ದೂರದಿಂದ, ನಿಲ್ಲಿಸದೆ ಆಡಿಸಬಹುದು. ಕೊನೆಗೆ ಮೇಲೊಂದು ಪಾರದರ್ಶಕ ಲೇಪ. ಅದು ಹೊಳಪಿನದೂ ಉಂಟು, ಮಂಕಿನದೂ ಉಂಟು; ಹಳೆಯ ಕೋಟಿಗೆ ಮಂಕಿನದೇ ಒಪ್ಪುತ್ತದೆ. ಒಂದು ದಿನ ಪೂರ್ತಿ ಮುಟ್ಟದೆ ಬಿಡಬೇಕು.

ಬೇಕಾದ ಸಾಮಾನನ್ನು ಮುಂಬಯಿಯವರು ಧಾರಾವಿಯ ಚರ್ಮದ ಪೇಟೆಯಲ್ಲಿ, ಚೆನ್ನೈಯವರು ಪೆರಿಯಮೇಟಿನಲ್ಲಿ ವಿಚಾರಿಸಬಹುದು. ಆ ಊರುಗಳಲ್ಲಿ ಗೀರಿಗಿಂತ ಮಳೆಗಾಲದ ಬೂಷ್ಟೇ ದೊಡ್ಡ ಶತ್ರು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದೆ, ಅಗಲ ಹೆಗಲಿನ ಹ್ಯಾಂಗರಿಗೆ ಹಾಕಿ, ಹಳೆಯ ಹತ್ತಿ ಸೀರೆಯ ತುಂಡು ಹೊದಿಸಿ ತೂಗುಹಾಕಿರಿ. ನನ್ನಂತೆ ಮಡಿಸಿ ಟ್ರಂಕಿನಲ್ಲಿಡಬೇಡಿ. ಮಡಿಕೆಯ ಗೆರೆಗಳು ಕೂತುಬಿಡುತ್ತವೆ.

ಉದ್ದ ಗೀರು ಈಗ ಹುಡುಕಿದರೆ ಮಾತ್ರ ಕಾಣುತ್ತದೆ. ಮೊಳಕೈ, ಕಾಲರುಗಳೂ ಸುಮಾರಾಗಿ ಕೂಡಿಬಂದಿವೆ. ಎಡಗೈಯ ತುದಿಯಲ್ಲಿ ಎರಡು ಅಂಗುಲದ ಒಂದು ಹಳೆಯ ಗೀರಿದೆ. ಸ್ಪಂಜು ಹಿಡಿದು ಅಲ್ಲಿಗೂ ಹೋಗಿದ್ದೆ, ಹಚ್ಚಲಿಲ್ಲ. ಅದು ೨೦೦೨ರದು. ಮಗಳನ್ನು ಮೊದಲ ದಿನ ಶಾಲೆಗೆ ಬಿಡಲು ಹೋದಾಗ, ಒಳಗೆ ಹೋಗಲೊಲ್ಲೆನೆಂದು ಅವಳು ಅಪ್ಪನ ತೋಳಿಗೆ ಜೋತುಬಿದ್ದು, ಗೇಟಿನ ತಂತಿ ತಾಗಿ ಆದದ್ದು. ಕೋಟು ಹಾಕಿಕೊಳ್ಳುತ್ತ ಅವಳೇ ಕೇಳಿದಳು, “ಇದೊಂದನ್ನು ಏಕೆ ಬಿಟ್ಟೆ?” ಹೇಳಿದೆ. ತೋಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಹೆಗಲು ಅವಳಿಗೆ ತುಸು ದೊಡ್ಡದು. ಒಳಗೆ ಒಂದು ಸ್ವೆಟರು ಹಾಕಿದರೆ ಸರಿಹೋಗುತ್ತದೆ.