ಸುಂಕದ ಪತ್ರ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯನ್ನು ಕೇಳದವರಾರು? ಬೆಳಗಾವಿಯಿಂದ ಖಾನಾಪುರ, ಲೋಂಡಾ ದಾಟಿ ಗೋವೆಗೆ ಹೋಗುವವರಿಗೆ ಒಂದು ಕಾಲಕ್ಕೆ ಅದರ ಅನುಭವ ಕ್ಯಾಸಲ್‌ರಾಕ್ ನಿಲ್ದಾಣದಲ್ಲಿ ಆಗುತ್ತಿತ್ತು. 1961ರ ಡಿಸೆಂಬರ 19ರಂದು ಗೋವೆಯು ವಿಮೋಚನೆ ಹೊಂದುವ ತನಕ ಅದು ಪೋರ್ತುಗೀಜ ಆಡಳಿತದ ಗಡಿಯ ನಿಲ್ದಾಣ. ಅಲ್ಲಿ ಸುಂಕದ ಕಟ್ಟೆಯಿತ್ತು.

ಆ ಗಡಿ ಅಳಿದರೂ ಸುಂಕವು ಅಳಿಯಲಿಲ್ಲ. ಹೊರದೇಶದ ಸರಕು ಬಂದರಿಗೆ ಬಂದರೆ, 1962ರ ಸುಂಕ ಕಾಯಿದೆಯಂತೆ ‘ಬಿಲ್ ಆಫ್ ಎಂಟ್ರಿ’ ಎಂಬ ಪತ್ರವನ್ನು ಸಲ್ಲಿಸಬೇಕು. ಆಮದುದಾರನ ಪರವಾಗಿ ಅದನ್ನು ಸಿದ್ಧಪಡಿಸುವವನೇ ಪರವಾನಗಿ ಪಡೆದ ಕಸ್ಟಮ್ಸ್ ಬ್ರೋಕರು.

ಸರಕಿಗೆ ಸರಿಯಾದ ಹೆಸರು ಕೊಡುವದು ಅವನ ಮೊದಲ ಕೆಲಸ. ಬೆಳಗಾವಿಯ ಕಾರಖಾನೆಯೊಂದು ಹೈಡ್ರಾಲಿಕ್ ಸಾಮಾನು ತರಿಸಿತೆನ್ನೋಣ. ಪಂಪು 8413ನೆಯ ಶೀರ್ಷಿಕೆಗೂ ಸಿಲಿಂಡರು 8412ಕ್ಕೂ ಸೇರುವವು. ಪೂರ್ಣ ಸಂಕೇತಕ್ಕೆ 8 ಅಂಕಿಗಳು. ಮೊದಲಿನ 6 ಅಂತರರಾಷ್ಟ್ರೀಯ ಪದ್ಧತಿಯವು, ಕೊನೆಯ 2 ನಮ್ಮ ದೇಶದವು. ಬಳಿಕ ಬೆಲೆಗೆ ಸಾಗಾಣಿಕೆ ಹಾಗೂ ವಿಮೆಯ ವೆಚ್ಚ ಕೂಡಿಸಿ ಸುಂಕವನ್ನು ಲೆಕ್ಕಿಸುವರು.

2011ರಿಂದ ಆಮದುದಾರನೇ ತನ್ನ ಸುಂಕವನ್ನು ನಿರ್ಧರಿಸಿ ಬರೆಯಬೇಕು. ಅಧಿಕಾರಿಗಳು ಅದನ್ನು ಪರಿಶೀಲಿಸಬಹುದು. ಅಂಕಿ ತಪ್ಪಿದರೆ ಸರಕು ಬಂದರಿನಲ್ಲಿಯೇ ನಿಂತು ಬಾಡಿಗೆ ಏರುವದು, ಇತ್ತ ಕಾರಖಾನೆಯ ಕೆಲಸ ಕಾಯುವದು. ಬೇಕೆಂದೇ ಸುಳ್ಳು ಬರೆದರೆ ದಂಡವುಂಟು, ಜಪ್ತಿಯುಂಟು. ಅದರಲ್ಲಿ ಕೈಗೂಡಿಸಿದ ಬ್ರೋಕರನ ಪರವಾನಗಿಯೂ ಹೋದೀತು.

ಕಲಾ ವಿದ್ಯಾರ್ಥಿಗಳಾದ ನಮಗೆ ಈ ವೃತ್ತಿ ದೂರದ್ದೆಂದು ತಿಳಿಯಬೇಕಾಗಿಲ್ಲ. ಅದಕ್ಕೆ ಪದವಿಯೂ ಬೇಕು, ಕೆಲಸದ ಅನುಭವವೂ ಬೇಕು. ಲಿಖಿತ ಹಾಗೂ ಮೌಖಿಕ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು. ಎಲ್ಲಕ್ಕೂ ಮಿಗಿಲಾಗಿ, ಬರೆದುದನ್ನು ಅರ್ಥವರಿತು ಓದಿ, ವಸ್ತುವನ್ನು ಇದ್ದಂತೆಯೇ ಹೆಸರಿಸುವ ಶಕ್ತಿ ಬೇಕು. ಅದನ್ನು ನಾವು ತರಗತಿಯಲ್ಲಿಯೇ ಕಲಿಯುತ್ತಿದ್ದೇವೆ. ಸುಂಕದವನ ಮುಂದೆ ಸುಖದುಃಖ ನಡೆಯದು. ನಿಜ ಬರೆದ ಪತ್ರ ನಡೆದೀತು.