ಉಸಿರಿನ ದಾರಿ ಕಲಿಸುವ ಬೊಂಬೆ

ಹುಟ್ಟಿದ ಕೂಡಲೇ ಅಳದ, ಉಸಿರಾಡದ ಮಗುವಿನ ಮೈ ಒರೆಸಿ, ಬೆಚ್ಚಗಿಟ್ಟು, ಮುಖಕ್ಕೆ ಮಾಸ್ಕ್ ಇಟ್ಟು ಬ್ಯಾಗ್ ಒತ್ತಿ ಗಾಳಿ ಕೊಡುತ್ತಾರೆ. ಬಹುಪಾಲು ಮಕ್ಕಳು ಅಷ್ಟಕ್ಕೇ ಚೇತರಿಸಿಕೊಳ್ಳುತ್ತವೆ. ಉಳಿದ ಕೆಲವು ಮಕ್ಕಳಿಗೆ ಬಾಯಿಯ ಮೂಲಕ ಶ್ವಾಸನಾಳದೊಳಕ್ಕೆ ಒಂದು ಸಣ್ಣ ಟ್ಯೂಬ್ ಇಳಿಸಲೇಬೇಕಾಗುತ್ತದೆ. ಇದೇ ಇಂಟ್ಯುಬೇಷನ್. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1987ರಲ್ಲಿ ಆರಂಭಿಸಿದ ನವಜಾತ ಶಿಶು ಪುನಶ್ಚೇತನ ತರಬೇತಿಯಲ್ಲಿ ಈಗ ಇದರ ಒಂದು ಪ್ರಯತ್ನಕ್ಕೆ ಕೊಡುವ ಸಮಯ 30 ಸೆಕೆಂಡ್.

ಆ ಅರ್ಧ ನಿಮಿಷದಲ್ಲಿ ಕೈಗಳು ಏನೇನು ಮಾಡಬೇಕು ನೋಡಿ. ಮಗುವಿನ ತಲೆಯ ಹಿಂಭಾಗ ದೊಡ್ಡದು. ಅಂಗಾತ ಮಲಗಿಸಿದರೆ ಗದ್ದ ಎದೆಯ ಕಡೆ ಬಾಗಿ ಉಸಿರಿನ ದಾರಿ ಮಡಚಿಕೊಳ್ಳುತ್ತದೆ. ಹಾಗಾಗಿ ಹೆಗಲ ಕೆಳಗೆ ಬಟ್ಟೆಯ ಸುರುಳಿ ಇಟ್ಟು ಕುತ್ತಿಗೆಯನ್ನು ಸ್ವಲ್ಪವೇ ಹಿಂದಕ್ಕೆ ವಾಲಿಸಬೇಕು. ತೀರಾ ವಾಲಿಸಿದರೂ ದಾರಿ ಮುಚ್ಚುತ್ತದೆ. ಗಂಟಲೊಳಗೆ ನೋಡುವ ಉಪಕರಣವಾದ ಲ್ಯಾರಿಂಗೋಸ್ಕೋಪನ್ನು ಹಿಡಿಯುವುದು ಎಡಗೈಯಲ್ಲಿ. ಎಡಚರಾಗಲಿ ಬಲಚರಾಗಲಿ, ಎಲ್ಲರಿಗೂ ಅದೇ ಕ್ರಮ. ಅದರ ನೇರವಾದ ಬ್ಲೇಡನ್ನು ಬಾಯಿಯ ಬಲಬದಿಯಿಂದ ಒಳಗಿಟ್ಟು ನಾಲಿಗೆಯನ್ನು ಎಡಕ್ಕೆ ಸರಿಸಿದರೆ, ಪುಟ್ಟ ದೀಪದ ಬೆಳಕಿನಲ್ಲಿ ಎಪಿಗ್ಲಾಟಿಸ್ ಎಂಬ ಮೆತ್ತನೆಯ ಮುಚ್ಚಳ ಕಾಣಬೇಕು. ಅದನ್ನು ಎತ್ತಿದರೆ ಅದರಾಚೆ ಧ್ವನಿತಂತುಗಳು. ಟ್ಯೂಬ್ ಹೋಗಬೇಕಾದದ್ದು ಅವೆರಡರ ನಡುವೆ. ಮೂರು ಕಿಲೋ ತೂಗುವ ಮಗುವಿಗೆ ಆ ಟ್ಯೂಬಿನ ಒಳವ್ಯಾಸ 3.5 ಮಿಲಿಮೀಟರ್. ತುಟಿಯ ಹತ್ತಿರ 9 ಸೆಂಟಿಮೀಟರ್ ಗುರುತು ಬರುವಲ್ಲಿಗೆ ನಿಲ್ಲಿಸಬೇಕು. ಇನ್ನೂ ಕೆಳಗಿಳಿದರೆ ಟ್ಯೂಬ್ ಸಾಮಾನ್ಯವಾಗಿ ಬಲಗಡೆಯ ಕವಲಿಗೆ ನುಗ್ಗುತ್ತದೆ, ಎಡ ಶ್ವಾಸಕೋಶಕ್ಕೆ ಗಾಳಿ ಸಿಗುವುದಿಲ್ಲ.

ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು ಎರಡು. ಒಂದು, ಬ್ಲೇಡನ್ನು ಆಳಕ್ಕೆ ತೂರಿಸಿ ಅನ್ನನಾಳವನ್ನೇ ಶ್ವಾಸನಾಳ ಎಂದುಕೊಳ್ಳುವುದು. ಇನ್ನೊಂದು, ಬ್ಲೇಡನ್ನು ಮೇಲಿನ ವಸಡಿನ ಮೇಲೆ ಊರಿ ಮೀಟುವುದು. ಮೀಟಬಾರದು, ಹಿಡಿಕೆ ತೋರುವ ದಿಕ್ಕಿಗೇ ಇಡಿಯಾಗಿ ಎತ್ತಬೇಕು. ಪುಸ್ತಕದಲ್ಲಿ ಇದನ್ನು ಹತ್ತು ಸಲ ಓದಿದರೂ ಮಣಿಕಟ್ಟಿಗೆ ಅರ್ಥವಾಗುವುದಿಲ್ಲ.

ಮೆಲ್ಬರ್ನ್‌ನಲ್ಲಿ ಡಾ. ಕಾಲಮ್ ಓಡಾನೆಲ್ ಮತ್ತು ಸಂಗಡಿಗರು ಹೆರಿಗೆ ಕೋಣೆಯ ವಿಡಿಯೊಗಳನ್ನು ಪರಿಶೀಲಿಸಿ 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಲ್ಲಿ ಇನ್ನೂ ತರಬೇತಿಯಲ್ಲಿರುವ ರೆಸಿಡೆಂಟ್ ವೈದ್ಯರ ಪ್ರಯತ್ನಗಳಲ್ಲಿ ಯಶಸ್ವಿಯಾದವು ಶೇ. 24 ಮಾತ್ರ, ಹಿರಿಯ ತಜ್ಞರದ್ದು ಶೇ. 86. ತಜ್ಞರು ಸರಾಸರಿ 25 ಸೆಕೆಂಡಿನಲ್ಲಿ ಮುಗಿಸಿದ ಕೆಲಸಕ್ಕೆ, ಯಶಸ್ವಿಯಾದಾಗಲೂ, ರೆಸಿಡೆಂಟರಿಗೆ 49 ಸೆಕೆಂಡ್ ಬೇಕಾಗಿತ್ತು. ಈ ಅಂತರಕ್ಕೆ ರೆಸಿಡೆಂಟರನ್ನು ದೂರಿ ಫಲವಿಲ್ಲ. ಅವರಿಗೆ ಕೈ ಪಳಗಿಸಿಕೊಳ್ಳುವ ಅವಕಾಶವೇ ಕಡಿಮೆಯಾಗುತ್ತಿದೆ. ಹಿಂದೆ, ಗರ್ಭದಲ್ಲೇ ಮಲವಿಸರ್ಜನೆ ಮಾಡಿದ ಮಗು ಹುಟ್ಟುವಾಗ ಸಪ್ಪಗಿದ್ದರೆ ಶ್ವಾಸನಾಳಕ್ಕೆ ಟ್ಯೂಬ್ ಹಾಕಿ ಹೀರಿ ತೆಗೆಯುವುದು ವಾಡಿಕೆಯಾಗಿತ್ತು. 2015ರ ಮಾರ್ಗಸೂಚಿ ಆ ವಾಡಿಕೆಯನ್ನು ಕೈಬಿಟ್ಟಿತು. ದಿನ ತುಂಬದೆ ಹುಟ್ಟಿದ ಎಷ್ಟೋ ಮಕ್ಕಳಿಗೆ ಈಗ ಟ್ಯೂಬಿನ ಬದಲು ಮೂಗಿನ ಮೂಲಕ ಒತ್ತಡದ ಗಾಳಿ ಕೊಡುತ್ತಾರೆ. ಮಕ್ಕಳ ಪಾಲಿಗೆ ಇದು ಒಳ್ಳೆಯ ಸುದ್ದಿ. ಆದರೆ ಟ್ಯೂಬ್ ಹಾಕಲೇಬೇಕಾದ ಮಗು ಬಂದಾಗ ಪಕ್ಕದಲ್ಲಿ ನಿಂತವರ ಕೈ ಪಳಗಿರುವುದಿಲ್ಲ.

ಹಾಗಾದರೆ ಪಳಗಿಸಿಕೊಳ್ಳುವುದು ಯಾರ ಗಂಟಲಿನ ಮೇಲೆ? ಅಮೆರಿಕದ ಎಷ್ಟೋ ಕಡೆ ಅರಿವಳಿಕೆ ಕೊಟ್ಟ ಬೆಕ್ಕು, ಫೆರೆಟ್‌ಗಳ ಮೇಲೆ ಕಲಿಸುತ್ತಿದ್ದರು. ಆಗಷ್ಟೇ ತೀರಿಕೊಂಡ ಶಿಶುಗಳ ಮೇಲೆ ಅಭ್ಯಾಸ ಮಾಡಿಸಿದ್ದೂ ಉಂಟು. ಹೆತ್ತವರ ಒಪ್ಪಿಗೆ ಇಲ್ಲದೆ ಹಾಗೆ ಮಾಡುವುದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ.

ಈ ಜಾಗಕ್ಕೆ ಬಂದದ್ದು ಮ್ಯಾನಿಕಿನ್. ನಾರ್ವೆಯ ಸ್ಟಾವಂಗರ್ ಊರಿನ ಆಟಿಕೆ ತಯಾರಕ ಓಸ್ಮುನ್ ಲಾರ್ಡಾಲ್ 1960ರಲ್ಲಿ, ಬಾಯಿಗೆ ಬಾಯಿಟ್ಟು ಉಸಿರು ಕೊಡುವುದನ್ನು ಕಲಿಸಲು ‘ರೆಸಸಿ ಆ್ಯನ್’ ಎಂಬ ಬೊಂಬೆ ಮಾಡಿದರು. ಅದೇ ಸಂಸ್ಥೆ ಇಂದು 25 ವಾರಕ್ಕೇ ಹುಟ್ಟಿದ ಶಿಶುವಿನ ಅಳತೆಯ ಬೊಂಬೆಯನ್ನೂ ತಯಾರಿಸುತ್ತದೆ. ಇಂಟ್ಯುಬೇಷನ್ ಕಲಿಸುವ ಬೊಂಬೆಯ ಮೆತ್ತನೆಯ ಪ್ಲಾಸ್ಟಿಕ್ ಗಂಟಲಿನಲ್ಲಿ ನಾಲಿಗೆ, ಎಪಿಗ್ಲಾಟಿಸ್, ಧ್ವನಿತಂತು, ಎರಡು ನಾಳಗಳು ಎಲ್ಲವೂ ಇರುತ್ತವೆ. ಬ್ಯಾಗ್ ಒತ್ತಿದಾಗ ಎದೆ ಏರಿದರೆ ಟ್ಯೂಬ್ ಸರಿಯಾದ ಕಡೆ ಇದೆ. ಅನ್ನನಾಳಕ್ಕೆ ಹೋಗಿದ್ದರೆ ಎದೆ ಏರುವುದಿಲ್ಲ. ಇನ್ನೂ ದುಬಾರಿಯವುಗಳಲ್ಲಿ ಹೊಕ್ಕುಳಬಳ್ಳಿಯ ಬುಡದಲ್ಲಿ ನಾಡಿ ಮಿಡಿಯುತ್ತದೆ, ತುಟಿಯ ಸುತ್ತ ನೀಲಿ ಬಣ್ಣ ಬರುತ್ತದೆ. ಶಿಕ್ಷಕರು ಹೃದಯ ಬಡಿತವನ್ನು ತಗ್ಗಿಸಿ ಹೆಚ್ಚಿಸಿ ಪರೀಕ್ಷಿಸಬಹುದು.

ಬೊಂಬೆಗೆ ಮಿತಿಗಳೂ ಇವೆ. ಅದರ ಗಂಟಲು ಒಣ ಪ್ಲಾಸ್ಟಿಕ್, ಜಾರುವಂತೆ ಮಾಡಲು ಸ್ಪ್ರೇ ಹೊಡೆಯಬೇಕು. ನಿಜವಾದ ಮಗುವಿನ ಬಾಯಲ್ಲಿ ನೊರೆ, ರಕ್ತ, ಲೋಳೆ ತುಂಬಿ ದಾರಿಯೇ ಕಾಣದಿರಬಹುದು. ಬೊಂಬೆ ಕೊಸರಾಡುವುದಿಲ್ಲ. ಟ್ಯೂಬ್ ಶ್ವಾಸನಾಳದಲ್ಲೇ ಇದೆ ಎಂದು ಖಚಿತಪಡಿಸಲು ಆಸ್ಪತ್ರೆಯಲ್ಲಿ ಬಳಸುವ ಪುಟ್ಟ ಸಾಧನ, ಹೊರಬರುವ ಇಂಗಾಲದ ಡೈಆಕ್ಸೈಡ್ ತಾಗಿ ನೇರಳೆಯಿಂದ ಹಳದಿಗೆ ತಿರುಗುತ್ತದೆ. ಸಾಧಾರಣ ಬೊಂಬೆ ಆ ಅನಿಲವನ್ನು ಬಿಡುವುದಿಲ್ಲ, ಹಾಗಾಗಿ ಬಣ್ಣವೂ ಬದಲಾಗದು. ಬೊಂಬೆಯಲ್ಲಿ ಚೆನ್ನಾಗಿ ಹಾಕಿದವರು ಮಗುವಿನ ಮುಂದೆ ತಡವರಿಸುವುದು ಇಂಥ ಮಿತಿಗಳಿಂದಲೇ.

ಆ ತಡವರಿಕೆಗೆ ಮೆಲ್ಬರ್ನ್‌ನಲ್ಲೇ ಒಂದು ಉತ್ತರ ದೊರೆಯಿತು. ಬ್ಲೇಡಿನಲ್ಲಿ ಕ್ಯಾಮೆರಾ ಇರುವ ವಿಡಿಯೊ ಲ್ಯಾರಿಂಗೋಸ್ಕೋಪನ್ನು ಕಲಿಯುವವರೆಲ್ಲರ ಕೈಗೂ ಕೊಟ್ಟರು. ಅರ್ಧದಷ್ಟು ಸಂದರ್ಭಗಳಲ್ಲಿ ಶಿಕ್ಷಕರಿಗೆ ಪರದೆ ಕಾಣುತ್ತಿತ್ತು, ಉಳಿದವುಗಳಲ್ಲಿ ಪರದೆಯನ್ನು ಮುಚ್ಚಿದ್ದರು. ಪರದೆ ಕಾಣುತ್ತಿದ್ದಾಗ ಮೊದಲ ಯತ್ನದ ಯಶಸ್ಸು ಶೇ. 66, ಮುಚ್ಚಿದ್ದಾಗ ಶೇ. 41. 2015ರಲ್ಲಿ ಪ್ರಕಟವಾದ ಈ ಫಲಿತಾಂಶ ನನ್ನನ್ನು ಬಹಳ ಯೋಚಿಸುವಂತೆ ಮಾಡಿದೆ. ಮಗುವಿನ ಬಾಯಿ ಎಷ್ಟು ಕಿರಿದೆಂದರೆ ಒಳಗೆ ಇಣುಕಲು ಒಬ್ಬರ ಕಣ್ಣಿಗೆ ಮಾತ್ರ ಜಾಗ. ಪಕ್ಕದಲ್ಲೇ ನಿಂತ ಗುರುವಿಗೆ ಶಿಷ್ಯ ಏನನ್ನು ನೋಡುತ್ತಿದ್ದಾನೆಂದೇ ತಿಳಿಯದೆ, ‘ಇನ್ನೂ ಸ್ವಲ್ಪ ಎತ್ತು’ ಎಂದು ಅಂದಾಜಿನ ಮೇಲೆ ಹೇಳಬೇಕಿತ್ತು. ಪರದೆ ಬಂದ ಮೇಲೆ ‘ಬ್ಲೇಡ್ ಆಳಕ್ಕೆ ಹೋಗಿದೆ, ಹಿಂದಕ್ಕೆ ತೆಗೆ’ ಎಂದು ನೋಡಿಯೇ ಹೇಳಬಹುದು. 2024ರಲ್ಲಿ ಡಬ್ಲಿನ್‌ನಿಂದ, ಅದೇ ಓಡಾನೆಲ್ ಇದ್ದ ತಂಡದಿಂದ, ಇನ್ನೊಂದು ವರದಿ ಬಂತು. ವಿಡಿಯೊ ಉಪಕರಣ ಬಳಸಿದಾಗ ಮೊದಲ ಯತ್ನದಲ್ಲೇ ಶೇ. 74 ಯಶಸ್ಸು, ಸಾಮಾನ್ಯ ಉಪಕರಣದಲ್ಲಿ ಶೇ. 45.

ಬೊಂಬೆಯ ಮೇಲಿನ ಅಭ್ಯಾಸ ಜೀವ ಉಳಿಸಬಲ್ಲದು ಎನ್ನುವುದನ್ನು ನಮ್ಮ ಬೆಳಗಾವಿಯಲ್ಲೂ ಕಂಡಿದ್ದೇವೆ. ಅಲ್ಲಿ ಕಲಿಸಿದ್ದು ಟ್ಯೂಬ್ ಹಾಕುವುದನ್ನಲ್ಲ, ಅದಕ್ಕೂ ಮೊದಲು ಬರಬೇಕಾದ ಮಾಸ್ಕ್ ಮತ್ತು ಬ್ಯಾಗ್ ಬಳಕೆಯನ್ನು. ‘ಹೆಲ್ಪಿಂಗ್ ಬೇಬೀಸ್ ಬ್ರೀದ್’ ಎಂಬ ಆ ತರಬೇತಿಯನ್ನು ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಆಸ್ಪತ್ರೆಗಳ 599 ಹೆರಿಗೆ ಸಿಬ್ಬಂದಿಗೆ ಕೊಟ್ಟರು. ಸತ್ತು ಹುಟ್ಟಿದವೆಂದು ದಾಖಲಾಗುವ ಶಿಶುಗಳ ಪ್ರಮಾಣ ಶೇ. 3ರಿಂದ 2.3ಕ್ಕೆ ಇಳಿಯಿತು ಎಂದು 2013ರ ವರದಿ ಹೇಳುತ್ತದೆ. ಉಸಿರಾಡದಿದ್ದರೂ ಜೀವವಿದ್ದ ಮಕ್ಕಳನ್ನು ಹಿಂದೆ ಸತ್ತವೆಂದೇ ಎಣಿಸಿ ಕೈಬಿಡುತ್ತಿದ್ದರೆಂದು ಇದರಿಂದ ಊಹಿಸಬಹುದು.

ಮಕ್ಕಳ ವಿಭಾಗದ ಪಿ.ಜಿ.ಗಳಿರುವ ಪ್ರತಿ ವೈದ್ಯಕೀಯ ಕಾಲೇಜಿನಲ್ಲೂ ಯಾವಾಗ ಬೇಕಾದರೂ ಹೋಗಬಹುದಾದ ಒಂದು ಕೋಣೆ, ಅದರಲ್ಲಿ ಒಂದು ಶಿಶು ಬೊಂಬೆ, ಪರದೆಯಿರುವ ಒಂದು ಲ್ಯಾರಿಂಗೋಸ್ಕೋಪ್ ಇರಬೇಕು. ಕಲಿತ ಕೈಚಳಕ ಬಳಸದಿದ್ದರೆ ಕೆಲವೇ ತಿಂಗಳಲ್ಲಿ ಮಂಕಾಗುತ್ತದೆ. ಆದ್ದರಿಂದ ವರ್ಷಕ್ಕೊಂದು ಕಾರ್ಯಾಗಾರ ಸಾಲದು. ಡ್ಯೂಟಿಯ ನಡುವೆ ಹತ್ತು ನಿಮಿಷ ಬಿಡುವಾದಾಗಲೆಲ್ಲ ಹೋಗಿ ಕೈಯಾಡಿಸಲು ಸಾಧ್ಯವಾಗಬೇಕು. ಕಾಲೇಜುಗಳ ಮುಖ್ಯಸ್ಥರು ಮುಂದಿನ ಖರೀದಿ ಪಟ್ಟಿಯಲ್ಲಿ ಇವೆರಡನ್ನೂ ಸೇರಿಸಲಿ, ಕೋಣೆಯ ಬೀಗದ ಕೈಯನ್ನು ರೆಸಿಡೆಂಟರ ಕೈಗೆ ಕೊಡಲಿ.