ಮುಂಬೈ ಮ್ಯಾರಥಾನ್‌ಗೆ ಹೊರಟಿದ್ದೀರಾ? ಹೊಸ ಬೂಟು ಬೇಡ, ಶನಿವಾರ ರಾತ್ರಿಯ ರೈಲೂ ಬೇಡ

ಸೋಲಾಪುರ: ಮುಂಬೈ ಮ್ಯಾರಥಾನ್ 2004ರಲ್ಲಿ ಆರಂಭವಾಯಿತು. ಸಾಮಾನ್ಯವಾಗಿ ಜನವರಿ ತಿಂಗಳ ಮೂರನೇ ರವಿವಾರ ಇದು ನಡೆಯುತ್ತದೆ. ಪೂರ್ಣ ಓಟದ ದೂರ 42.195 ಕಿ.ಮೀ., ಅರ್ಧ ಓಟದ್ದು ಸುಮಾರು 21.1 ಕಿ.ಮೀ. ಪೊಲೀಸ್ ಭರತಿಗಾಗಿ 1600 ಮೀಟರ್ ಓಡಿ ರೂಢಿಯಿರುವ ನಮ್ಮ ಹುಡುಗರಿಗೆ ದಮ್ಮಿಗೇನೂ ಕೊರತೆಯಿಲ್ಲ. ಆದರೆ ತಿಂಗಳುಗಟ್ಟಲೆ ಮಾಡಿದ ಅಭ್ಯಾಸ ಕೊನೆಯ ಮೂರು ವಾರಗಳ ಸಣ್ಣ ತಪ್ಪಿನಿಂದ ಹಾಳಾಗುವುದುಂಟು. ಬೂಟು, ಊಟ, ನಿದ್ದೆ, ಪ್ರಯಾಣ ಈ ನಾಲ್ಕರ ಬಗ್ಗೆ ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ಬೂಟು ಹೇಗಿರಬೇಕು?

ಓಡುವಾಗ ಪಾದ ಉಬ್ಬುತ್ತದೆ. ಆದ್ದರಿಂದ ಬೂಟನ್ನು ಸಂಜೆ ಹೊತ್ತು, ಓಟಕ್ಕೆ ಹಾಕುವ ಕಾಲುಚೀಲ ಹಾಕಿಕೊಂಡೇ ಕೊಳ್ಳಬೇಕು. ನಿಂತಾಗ ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು. ಹಿಮ್ಮಡಿ ಮಾತ್ರ ಜಾರಬಾರದು. ಮುಂದೆ ಬಿಗಿಯಾದರೆ ಉಗುರು ಕಪ್ಪಾಗುತ್ತದೆ, ಹಿಂದೆ ಸಡಿಲಾದರೆ ಬೊಬ್ಬೆ ಏಳುತ್ತದೆ.

ಮೈದಾನದ ಸ್ಪೈಕ್ ಬೂಟು ಡಾಂಬರು ರಸ್ತೆಗೆ ನಡೆಯುವುದಿಲ್ಲ. ಶಾಲೆಯ ಕ್ಯಾನ್ವಾಸ್ ಬೂಟಿನ ತೆಳು ತಳವೂ ಇಷ್ಟು ದೂರಕ್ಕೆ ಸಾಲದು. ಬೆಲೆ ಹೆಚ್ಚಿದ್ದರೆ ಒಳ್ಳೆಯದೆಂದೂ ಅಲ್ಲ. ನಿಮ್ಮ ಕಾಲಿಗೆ ಹೊಂದುವ, ಹಗುರವಾದ, ರಸ್ತೆ ಓಟಕ್ಕೆಂದೇ ಮಾಡಿದ ಬೂಟು ಸಾಕು.

ಬೂಟಿಗೂ ಆಯುಷ್ಯವಿದೆ. ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಓಡಿದ ಮೇಲೆ ತಳದ ಮೆತ್ತನೆ ಕಡಿಮೆಯಾಗುತ್ತದೆ. ಮೇಲ್ಭಾಗ ಚೆನ್ನಾಗಿ ಕಂಡರೂ ಮೊಣಕಾಲು ನೋಯತೊಡಗಿದರೆ ತಳ ಸವೆದಿದೆಯೇ ನೋಡಿ. ಬದಲಾಯಿಸುವುದಿದ್ದರೆ ಓಟಕ್ಕೆ ಒಂದು ತಿಂಗಳು ಮೊದಲೇ ಬದಲಾಯಿಸಿ, ಕನಿಷ್ಠ ಒಂದು ದೊಡ್ಡ ಓಟವನ್ನಾದರೂ ಅದರಲ್ಲೇ ಓಡಿರಿ. ಓಟದ ಮುನ್ನಾದಿನ ಕೊಂಡ ಬೂಟು ಪೆಟ್ಟಿಗೆಯಲ್ಲೇ ಇರಲಿ.

ಬರಿಗಾಲಲ್ಲಿ ಓಡಬಹುದೇ ಎಂದು ಕೆಲವರು ಕೇಳುತ್ತಾರೆ. ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲೇ ಓಡಿ ಚಿನ್ನ ಗೆದ್ದದ್ದು ನಿಜ. ಆದರೆ ಅವರಿಗೆ ಬರಿಗಾಲ ಓಟದ ಅಭ್ಯಾಸ ಮೊದಲೇ ಇತ್ತು. 1964ರಲ್ಲಿ ಟೋಕಿಯೋದಲ್ಲಿ ಅವರೇ ಬೂಟು ಹಾಕಿ ಓಡಿ ಮತ್ತೆ ಚಿನ್ನ ಗೆದ್ದರು. ಇದರಿಂದ ಕಲಿಯಬೇಕಾದದ್ದು ಒಂದೇ: ಕಾಲಿಗೆ ಯಾವುದು ರೂಢಿಯೋ ಅದರಲ್ಲೇ ಓಡಬೇಕು.

ಕಾಲುಚೀಲ ಪೂರ್ತಿ ಹತ್ತಿಯದಾದರೆ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಬೊಬ್ಬೆ ಬರುತ್ತದೆ. ನೈಲಾನ್ ಅಥವಾ ಪಾಲಿಯೆಸ್ಟರ್ ಬೆರೆತದ್ದು ಮೇಲು. ಉಗುರುಗಳನ್ನು ಮೂರ್ನಾಲ್ಕು ದಿನ ಮೊದಲೇ ಕತ್ತರಿಸಿ. ತೊಡೆಸಂದು, ಕಂಕುಳು, ಬೆರಳುಗಳ ನಡುವೆ ವ್ಯಾಸಲೀನ್ ಹಚ್ಚಿ.

ಕೊನೆಯ ಮೂರು ವಾರ

30 ಕಿ.ಮೀ. ಆಸುಪಾಸಿನ ದೊಡ್ಡ ಓಟವನ್ನು ಮೂರು ವಾರ ಮೊದಲೇ ಮುಗಿಸಬೇಕು. ಅನಂತರ ಓಟ ಕಡಿಮೆಯಾಗುತ್ತಾ ಬರಲಿ: ಮೊದಲ ವಾರ ಮುಕ್ಕಾಲು ಪಾಲು, ಎರಡನೇ ವಾರ ಅರ್ಧ, ಕೊನೆಯ ವಾರ ಬರೀ ಕಾಲು ಸಡಿಲಿಸುವಷ್ಟು. ಬಿಟ್ಟುಹೋದ ಅಭ್ಯಾಸವನ್ನು ಕೊನೆಯ ವಾರದಲ್ಲಿ ತುಂಬಿಸಿಕೊಳ್ಳಲು ಹೋದರೆ ದಣಿವು ಉಳಿಯುತ್ತದೆಯೇ ಹೊರತು ಬಲ ಬರುವುದಿಲ್ಲ.

ನಮ್ಮವರಿಗೆ ಇನ್ನೊಂದು ತೊಡಕಿದೆ. ಸೋಲಾಪುರದ ಸಿದ್ಧರಾಮೇಶ್ವರ ಜಾತ್ರೆ ಸಂಕ್ರಾಂತಿಗೇ ಬರುತ್ತದೆ, ಅದರ ಬೆನ್ನಿಗೇ ಓಟ. ನಂದಿಧ್ವಜದ ಮೆರವಣಿಗೆಯಲ್ಲಿ ಇಡೀ ದಿನ ನಡೆದು, ಗಡ್ಡಾ ಜಾತ್ರೆಯಲ್ಲಿ ರಾತ್ರಿ ನಿದ್ದೆಗೆಟ್ಟು, ಕಂಡದ್ದು ತಿಂದು ಮುಂಬೈಗೆ ಹೋದರೆ ಕಾಲು ಭಾರವಾಗುವುದು ಖಂಡಿತ. ಆ ವರ್ಷ ದೇವರಿಗೆ ಕೈಮುಗಿದು ಬೇಗ ಮನೆಗೆ ಬರುವುದು ಒಳ್ಳೆಯದು.

ಏನು ತಿನ್ನಬೇಕು?

ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯ ಅಂಶ ಸುಮಾರು 30 ಕಿ.ಮೀ. ಹೊತ್ತಿಗೆ ಬರಿದಾಗತೊಡಗುತ್ತದೆ. ಕಾಲು ಕಟ್ಟಿದಂತಾಗುವುದು ಆಗಲೇ. ಆದ್ದರಿಂದ ಕೊನೆಯ ಎರಡು ದಿನ ಅನ್ನ, ಚಪಾತಿ, ಬಾಳೆಹಣ್ಣು ಹೆಚ್ಚಿರಲಿ. ಮುನ್ನಾದಿನ ಮಾತ್ರ ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ ಬದಿಗಿಡಿ. ಇವು ಒಳ್ಳೆಯ ಆಹಾರವೇ, ಆದರೆ ನಾರು, ಎಣ್ಣೆ, ಖಾರ ಹೆಚ್ಚು. ಓಟದ ನಡುವೆ ಹೊಟ್ಟೆ ಕೆಡಬಹುದು. ರಾತ್ರಿ ಬೇಗ ಅನ್ನ, ಮೊಸರು ಉಂಡು ಮಲಗುವುದು ಲೇಸು.

ಮುಂಬೈ ಗಾಳಿಯಲ್ಲಿ ತೇವ ಹೆಚ್ಚು. ನಮ್ಮ ಒಣ ಚಳಿಯಲ್ಲಿ ಓಡಿದವರಿಗೆ ಅಲ್ಲಿ ಬೆವರು ಆರುವುದಿಲ್ಲ. ಹಾಗೆಂದು ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ಪ್ರಾಣಕ್ಕೇ ಅಪಾಯ. ಬಾಯಾರಿದಾಗ ಸ್ವಲ್ಪ ಸ್ವಲ್ಪ ಕುಡಿಯಿರಿ, ನಡುವೆ ಉಪ್ಪು ಬೆರೆತ ಪಾನೀಯವೂ ಇರಲಿ.

ಪ್ರಯಾಣ ಮತ್ತು ಓಟದ ದಿನ

ಎದೆಗೆ ಹಚ್ಚುವ ನಂಬರ್ ಚೀಟಿಯನ್ನು (ಬಿಬ್) ಓಟಕ್ಕೆ ಮೊದಲಿನ ದಿನಗಳಲ್ಲಿ ಗುರುತಿನ ಚೀಟಿ ತೋರಿಸಿ ಪಡೆಯಬೇಕು. ಪೂರ್ಣ ಓಟ ನಸುಕಿನಲ್ಲೇ ಶುರುವಾಗುತ್ತದೆ. ರಾತ್ರಿ ಸೋಲಾಪುರ ಬಿಟ್ಟು ಬೆಳಿಗ್ಗೆ ಮುಂಬೈ ಮುಟ್ಟುವ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಅನ್ನು ಶನಿವಾರ ಹತ್ತಿದರೆ ಬಿಬ್ಬೂ ಇಲ್ಲ, ಓಟವೂ ಇಲ್ಲ. ಗುರುವಾರ ರಾತ್ರಿ ಹೊರಟರೆ ಶುಕ್ರವಾರ ಕೆಲಸ ಮುಗಿಸಿ ಎರಡು ರಾತ್ರಿ ನಿದ್ದೆ ಮಾಡಬಹುದು. ಬೂಟನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ.

ಹಲವು ವರ್ಷಗಳ ಮಾರ್ಗದಲ್ಲಿ ಪೆಡ್ಡರ್ ರೋಡಿನ ಏರು ದಣಿದ ಹೊತ್ತಿನಲ್ಲಿ ಓಟಗಾರರನ್ನು ಪರೀಕ್ಷಿಸಿದೆ. ಮಾರ್ಗ ಬದಲಾಗುವುದುಂಟು, ಆಯಾ ವರ್ಷದ ನಕ್ಷೆ ನೋಡಿಕೊಳ್ಳಿ. ಕಿ.ಮೀ.ಗೆ 7 ನಿಮಿಷದಂತೆ ಓಡಿದರೆ ಪೂರ್ಣ ಓಟಕ್ಕೆ ಸುಮಾರು 4 ಗಂಟೆ 55 ನಿಮಿಷ ಬೇಕು. ಜನರ ಕೂಗಿಗೆ ಹುರುಪಾಗಿ ಮೊದಲ 5 ಕಿ.ಮೀ. ಜೋರಾಗಿ ಓಡಿದವರು ಕೊನೆಯ 10 ಕಿ.ಮೀ. ನಡೆಯುತ್ತಾರೆ.

ಜ್ವರವಿದ್ದರೆ ಓಡಬೇಡಿ. ನೋವಿನ ಗುಳಿಗೆ ನುಂಗಿ ಓಡಬೇಡಿ, ಮೂತ್ರಪಿಂಡಕ್ಕೆ ಅಪಾಯ. ಎದೆನೋವು, ತಲೆಸುತ್ತು ಕಂಡರೆ ತಕ್ಷಣ ನಿಂತು ವೈದ್ಯರ ಸಹಾಯ ಪಡೆಯಿರಿ. ಬಿಪಿ, ಸಕ್ಕರೆ ಕಾಯಿಲೆ ಇರುವವರು, ನಲವತ್ತು ದಾಟಿದವರು ಮೊದಲೇ ಡಾಕ್ಟರರನ್ನು ಕಾಣಲಿ.

ನಮ್ಮ ಜತ್ತದಂತೆಯೇ ಬರಕ್ಕೆ ಹೆಸರಾದ ಸಾತಾರಾ ಜಿಲ್ಲೆಯ ಮಾಣ ತಾಲೂಕಿನ ಲಲಿತಾ ಬಾಬರ್ ಮುಂಬೈ ಮ್ಯಾರಥಾನ್‌ನಲ್ಲಿ ಭಾರತೀಯ ಮಹಿಳೆಯರ ವಿಭಾಗ ಗೆದ್ದವರು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ 3000 ಮೀಟರ್ ಸ್ಟೀಪಲ್‌ಚೇಸ್ ಫೈನಲ್ ಓಡಿ 10ನೇ ಸ್ಥಾನ ಪಡೆದರು. ಬರಗಾಲದ ನೆಲದ ಕಾಲುಗಳಿಗೆ ಮುಂಬೈ ದೂರವಲ್ಲ. ಬೂಟು ಪಳಗಿರಲಿ, ನಿದ್ದೆ ತುಂಬಿರಲಿ, ರೈಲು ಒಂದೆರಡು ದಿನ ಮೊದಲಿನದಾಗಿರಲಿ.